ರಾಷ್ಟ್ರಪತಿ ಭವನದ ಒಳಗೆ ನಮ್ಮಂಥವರು ಹೋಗಬಹುದೇ?

ಪ್ರಶ್ನೆ: ನಾವು ಮಂಡ್ಯದವರು. ಬರುವ ಫೆಬ್ರುವರಿಯಲ್ಲಿ ಅಪ್ಪ, ಅಮ್ಮ, ಆರನೇ ಕ್ಲಾಸಿನ ಮಗಳನ್ನು ಕರೆದುಕೊಂಡು ದೆಹಲಿಗೆ ಹೋಗುತ್ತಿದ್ದೇವೆ. ರಾಷ್ಟ್ರಪತಿ ಭವನವನ್ನು ಒಳಗೆ ಹೋಗಿ ನೋಡಬೇಕು ಅಂತ ಅಪ್ಪನಿಗೆ ಬಹಳ ದಿನದ ಆಸೆ. ಅದಕ್ಕೆ ಎಂಎಲ್‌ಎ ಅಥವಾ ಎಂಪಿ ಪತ್ರ ಬೇಕು ಎಂದು ಕೆಲವರು ಹೇಳುತ್ತಾರೆ. ಮೈಸೂರು ಅರಮನೆ ಥರ ಟಿಕೆಟ್ ತಗೊಂಡು ಹೋಗೋಕಾಗಲ್ವಾ? ಒಳಗೆ ಏನೇನು ತೋರಿಸುತ್ತಾರೆ? ಅಮ್ಮನಿಗೆ ಮಂಡಿನೋವು. ಅಷ್ಟು ಕಷ್ಟಪಟ್ಟು ನೋಡುವಂಥದ್ದು ಅಲ್ಲಿ ಇದೆಯಾ?

ಉತ್ತರ: ಖಂಡಿತ ಹೋಗಬಹುದು. ಎಂಎಲ್‌ಎ ಪತ್ರವೂ ಬೇಡ, ಎಂಪಿ ಪತ್ರವೂ ಬೇಡ. ಮುಂಚೆಯೇ ಆನ್‌ಲೈನ್‌ನಲ್ಲಿ ಹೆಸರು ಬರೆಸಿ, ತಲೆಗೆ 50 ರೂಪಾಯಿ ಕಟ್ಟಿದರೆ ಆಯಿತು. ಆದರೆ ಮೈಸೂರು ಅರಮನೆಗೆ ಹೋದ ಹಾಗೆ ಗೇಟಿನ ಹತ್ತಿರ ಹೋಗಿ, ಕ್ಯೂನಲ್ಲಿ ನಿಂತು, ಟಿಕೆಟ್ ಹರಿಸಿಕೊಂಡು ಒಳಗೆ ನುಗ್ಗುವುದಕ್ಕೆ ಆಗುವುದಿಲ್ಲ. ಇದಕ್ಕೊಂದು ಕಾರಣವಿದೆ. ಆ ಕಾರಣ ಗೊತ್ತಿದ್ದರೆ ಅಲ್ಲಿ ಏನು ನೋಡಬೇಕು ಅನ್ನೋದೂ ಗೊತ್ತಾಗುತ್ತದೆ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೈಸೂರು ಅರಮನೆಯಲ್ಲಿ ನಾವು ನೋಡುವ ಭಾಗದಲ್ಲಿ ಈಗ ಯಾರೂ ವಾಸವಿಲ್ಲ, ಅದು ವಸ್ತುಸಂಗ್ರಹಾಲಯ. ಒಂದು ಕಾಲಕ್ಕೆ ಅದೂ ಆಳುವವರ ಮನೆಯೇ ಆಗಿತ್ತು. ಜಯಚಾಮರಾಜೇಂದ್ರ ಒಡೆಯರ್ ಅವರು ಮಹಾರಾಜರಾಗಿ, 1950ರಿಂದ ರಾಜಪ್ರಮುಖರಾಗಿ (ರಾಜ್ಯಪಾಲರಂಥ ಹುದ್ದೆ ಅದು), 1956ರಿಂದ 1964ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿ ಇದ್ದವರು. ಆ ಕಾಲ ಮುಗಿದಿದೆ. ದರ್ಬಾರ್ ಹಾಲ್ ಇದೆ, ದರ್ಬಾರು ಇಲ್ಲ. ದಸರೆಯ ಖಾಸಗಿ ದರ್ಬಾರು ಮನೆತನದ ಆಚರಣೆ, ಆಡಳಿತದ ಕೆಲಸ ಅಲ್ಲ.

ದೆಹಲಿಯದು ಹಾಗಲ್ಲ. ಅಲ್ಲಿ ಇವತ್ತಿಗೂ ರಾಷ್ಟ್ರಪತಿಗಳು ವಾಸ ಮಾಡುತ್ತಾರೆ, ಅಲ್ಲೇ ಕೆಲಸ ಮಾಡುತ್ತಾರೆ. ವಿದೇಶದ ರಾಯಭಾರಿಗಳು ತಮ್ಮ ನೇಮಕದ ಪತ್ರ ಒಪ್ಪಿಸುವ ಅಶೋಕ ಮಂಟಪದಲ್ಲೇ ಮಾರನೇ ದಿನ ನಿಮ್ಮ ಮಗಳು ನಿಂತು ಛಾವಣಿ ನೋಡುತ್ತಿರಬಹುದು. ಯಜಮಾನರು ಒಳಕೋಣೆಯಲ್ಲಿ ಕೆಲಸ ಮಾಡುತ್ತಿರುವಾಗ ಅವರ ಪಡಸಾಲೆ ನೋಡಿಕೊಂಡು ಬಂದ ಹಾಗೆ ಇದು. ಅದಕ್ಕೇ ಹೆಸರು ಮೊದಲೇ ಕೊಡಬೇಕು, ಗುರುತಿನ ಚೀಟಿ ಬೇಕು, ಗುಂಪಿನ ಜೊತೆಯೇ ನಡೆಯಬೇಕು. ಬೇರೆ ದೇಶದ ಅಧ್ಯಕ್ಷರು ಬಂದರೆ ಆವತ್ತಿನ ಭೇಟಿ ರದ್ದಾಗುವುದೂ ಉಂಟು.

ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಮೈಸೂರು ಅರಮನೆ ನೋಡಿ ಬೆಳೆದವರಿಗೆ ರಾಷ್ಟ್ರಪತಿ ಭವನ ಮೊದಲ ನೋಟಕ್ಕೆ ಸಪ್ಪೆ ಅನ್ನಿಸಬಹುದು. ಕಲ್ಯಾಣ ಮಂಟಪದ ಬಣ್ಣದ ಗಾಜು, ನವಿಲು, ಅಂಬಾವಿಲಾಸದ ಚಿನ್ನದ ಮೆರುಗು ಅಲ್ಲಿ ಹುಡುಕಬೇಡಿ. ಅಲ್ಲಿರುವುದು ಕಲ್ಲು, ಗಾತ್ರ, ಅಳತೆ. ಈ ಎರಡು ಕಟ್ಟಡಗಳ ಕಾಲವನ್ನು ಒಟ್ಟಿಗೆ ಇಟ್ಟು ನೋಡಿದರೆ ವ್ಯತ್ಯಾಸ ಚೆನ್ನಾಗಿ ಅರ್ಥವಾಗುತ್ತದೆ. 1897ರಲ್ಲಿ ಮರದ ಹಳೇ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ನಕ್ಷೆ ಮಾಡಿದ ಈಗಿನ ಅರಮನೆ ಮುಗಿದದ್ದು 1912ರಲ್ಲಿ. ಅದಕ್ಕೆ ಹಿಂದಿನ ಡಿಸೆಂಬರಿನಲ್ಲಿ, ಅಂದರೆ 1911ರ ಡಿಸೆಂಬರ್ 12ರಂದು, ಐದನೇ ಜಾರ್ಜ್ ದೊರೆ ರಾಜಧಾನಿಯನ್ನು ಕೊಲ್ಕತ್ತದಿಂದ ದೆಹಲಿಗೆ ಬದಲಿಸುವುದಾಗಿ ದರ್ಬಾರಿನಲ್ಲಿ ಘೋಷಿಸಿದ. ಇಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಅಲ್ಲಿ ವೈಸರಾಯ್ ವಾಸಕ್ಕೆಂದು ಈ ಮನೆಯ ಕೆಲಸ ಶುರುವಾಯಿತು.

ಅಲ್ಲಿನ ವಾಸ್ತುಶಿಲ್ಪಿ ಎಡ್ವಿನ್ ಲುಟಿಯನ್ಸ್. ನಮ್ಮ ಅರಮನೆಯಲ್ಲಿ ಕಾಣುವಂಥ, ಗುಮ್ಮಟ, ಕಮಾನು, ಗೋಪುರ ಎಲ್ಲ ಸೇರಿಸಿ ಕಟ್ಟುವ ಇಂಡೋ-ಸಾರ್ಸೆನಿಕ್ ಶೈಲಿ ಅವನಿಗೆ ಇಷ್ಟವಿರಲಿಲ್ಲ. ಯುರೋಪಿನ ಹಳೇ ಶೈಲಿಯಲ್ಲೇ ಕಟ್ಟಬೇಕು ಅಂತ ಅವನ ಮನಸ್ಸು. ಭಾರತದ ಲಕ್ಷಣ ಇರಲೇಬೇಕು ಎಂದು ಪಟ್ಟು ಹಿಡಿದವನು ವೈಸರಾಯ್ ಹಾರ್ಡಿಂಜ್. ಕೊನೆಗೆ ಆ ಕಟ್ಟಡಕ್ಕೆ ಬಿಸಿಲು ಮಳೆ ತಡೆಯುವ ಕಲ್ಲಿನ ಚಜ್ಜಾ ಬಂತು, ಛತ್ರಿ ಎನ್ನುವ ಪುಟ್ಟ ಮಂಟಪ ಬಂತು, ಕಲ್ಲಿನ ಜಾಲಂಧ್ರ ಬಂತು. ಮೇಲಿನ ದೊಡ್ಡ ಗುಮ್ಮಟ ಸಾಂಚಿಯ ಸ್ತೂಪವನ್ನು ಹೋಲುತ್ತದೆ, ಅದರ ಸುತ್ತ ಸ್ತೂಪದ ಕಟಕಟೆಯ ಹಾಗೆಯೇ ಕಲ್ಲಿನ ಸಾಲಿದೆ. ದೂರದಿಂದಲೇ ಇದನ್ನು ಮಗಳಿಗೆ ತೋರಿಸಿ. ಸಾಂಚಿ ಸ್ತೂಪದ ಚಿತ್ರವನ್ನು ಅವಳು ಸಮಾಜ ಪಾಠದಲ್ಲಿ ನೋಡಿರುತ್ತಾಳೆ.

ಕಂಬಗಳನ್ನಂತೂ ಹತ್ತಿರ ನಿಂತು ನೋಡಲೇಬೇಕು. ಕಂಬದ ತಲೆಯ ಮೂಲೆಗಳಲ್ಲಿ ಚಿಕ್ಕ ಚಿಕ್ಕ ಕಲ್ಲಿನ ಗಂಟೆಗಳಿವೆ. ನಮ್ಮ ದೇವಸ್ಥಾನದ ಗಂಟೆಯ ಆಕಾರವೇ, ನಾಲಗೆ ಅಲ್ಲಾಡುವುದಿಲ್ಲ ಅಷ್ಟೆ. ಈ ಗಂಟೆಗಳಿಗೆ ಪ್ರೇರಣೆ ಮೂಡುಬಿದಿರೆಯ ಜೈನ ಬಸದಿ ಎಂದು ರಾಷ್ಟ್ರಪತಿ ಭವನದವರೇ ಹೇಳುತ್ತಾರೆ. ಕನ್ನಡದವರು ಎಷ್ಟೋ ಜನ ಆ ಕಂಬಗಳ ಪಕ್ಕದಲ್ಲೇ ನಡೆದುಹೋಗುತ್ತಾರೆ, ತಲೆ ಎತ್ತುವುದಿಲ್ಲ. ನೀವು ಎತ್ತಿ ನೋಡಿ.

ಗಾತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 340 ಕೋಣೆ, ಸುಮಾರು ಎರಡೂವರೆ ಕಿಲೋಮೀಟರ್ ಓಣಿಗಳು, ಸುತ್ತ 330 ಎಕರೆ. ಬಳಸಿದ ಇಟ್ಟಿಗೆ ಸುಮಾರು 70 ಕೋಟಿ. ಉಕ್ಕು ಬಳಸಿದ್ದು ಬಹಳ ಕಡಿಮೆ. ಎದುರಿನ ಅಂಗಳದಲ್ಲಿ ಜೈಪುರದ ಮಹಾರಾಜರು ಕೊಟ್ಟ ಜೈಪುರ ಸ್ತಂಭ ನಿಂತಿದೆ. ಅದರ ಎತ್ತರ 145 ಅಡಿ. ನಮ್ಮ ಅರಮನೆಯ ನಡುಗೋಪುರವೂ ಹತ್ತಿರ ಹತ್ತಿರ ಅಷ್ಟೇ. ಹಾಗಾಗಿ ಮನಸ್ಸಿನಲ್ಲಿ ಅಳತೆ ಹಾಕಿಕೊಳ್ಳುವುದು ಮೈಸೂರು ಕಡೆಯವರಿಗೆ ಸುಲಭ.

ಈ ಜಾಗ ಖಾಲಿ ಗುಡ್ಡವೇನೂ ಆಗಿರಲಿಲ್ಲ. ರೈಸಿನಾ, ಮಾಲ್ಚಾ ಎಂಬ ಹಳ್ಳಿಗಳಿದ್ದವು. ಭೂಸ್ವಾಧೀನ ಕಾನೂನಿನ ಅಡಿಯಲ್ಲಿ ಜಮೀನು ಹೋಯಿತು, ಜನ ಬಿಟ್ಟು ಹೊರಟರು. ಕೆಆರ್‌ಎಸ್ ಕಟ್ಟುವಾಗ ಹಳೇ ಕನ್ನಂಬಾಡಿ ಮುಳುಗಿದ ಕಥೆ ಕೇಳಿ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿನ ವಿವರಣೆಯಲ್ಲಿ ಈ ಮಾತು ಬರಲಿ, ಬರದಿರಲಿ, ಅಪ್ಪನಿಗೆ ನೀವೇ ಹೇಳಿ. ದೊಡ್ಡ ಮನೆ ನೋಡುವಾಗ ಅದು ಯಾರ ಹೊಲದ ಮೇಲೆ ನಿಂತಿದೆ ಅನ್ನೋದು ಗೊತ್ತಿರಬೇಕು.

ಕಟ್ಟಡ ಮುಗಿದು 1929ರಲ್ಲಿ ಮೊದಲು ವಾಸಕ್ಕೆ ಬಂದವನು ವೈಸರಾಯ್ ಲಾರ್ಡ್ ಇರ್ವಿನ್. ಈ ಹೆಸರು ನಿಮ್ಮ ಅಪ್ಪನಿಗೆ ಗೊತ್ತಿರುತ್ತದೆ. ಕೆಆರ್‌ಎಸ್‌ನಿಂದ ಮಂಡ್ಯದ ಗದ್ದೆಗಳಿಗೆ ನೀರು ತರುವ ವಿಶ್ವೇಶ್ವರಯ್ಯ ನಾಲೆಗೆ ಮೊದಲಿದ್ದ ಹೆಸರು ಇರ್ವಿನ್ ನಾಲೆ. ಅದೇ ಇರ್ವಿನ್ ಇವನು. ನಮ್ಮ ಅರಮನೆಯ ನಕ್ಷೆ ಮಾಡಿದ ಹೆನ್ರಿ ಇರ್ವಿನ್ ಬೇರೆ ವ್ಯಕ್ತಿ, ಗೊಂದಲ ಬೇಡ. ಆದರೆ ಹೆನ್ರಿ ಇರ್ವಿನ್ನನಿಗೂ ಈ ಕಥೆಯಲ್ಲಿ ಒಂದು ಪಾಲಿದೆ. ವೈಸರಾಯ್‌ಗಳು ಬೇಸಿಗೆ ಕಳೆಯುತ್ತಿದ್ದ ಶಿಮ್ಲಾದ ಬಂಗಲೆಯನ್ನು 1880ರ ದಶಕದಲ್ಲಿ ಕಟ್ಟಿದವನು ಅವನೇ. ಸ್ವಾತಂತ್ರ್ಯದ ನಂತರ ಅದು ರಾಷ್ಟ್ರಪತಿಗಳ ಬೇಸಿಗೆ ಮನೆಯಾಯಿತು. ಅಷ್ಟು ದೊಡ್ಡ ಮನೆ ವಿದ್ವಾಂಸರಿಗೆ ಉಪಯೋಗವಾಗಲಿ ಎಂದು ಬಿಟ್ಟುಕೊಟ್ಟವರು ರಾಷ್ಟ್ರಪತಿ ಸರ್ವಪಲ್ಲಿ ರಾಧಾಕೃಷ್ಣನ್. 1965ರಿಂದ ಅಲ್ಲಿ ಉನ್ನತ ಅಧ್ಯಯನ ಸಂಸ್ಥೆ ನಡೆಯುತ್ತಿದೆ. ಈ ರಾಧಾಕೃಷ್ಣನ್ 1918ರಿಂದ ಮೂರು ವರ್ಷ ನಮ್ಮ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಟ್ಟವರು. ಮೈಸೂರು ಬಿಟ್ಟು ಹೊರಟಾಗ ಹುಡುಗರು ಕುದುರೆ ಬಿಚ್ಚಿ, ತಾವೇ ಗಾಡಿ ಎಳೆದುಕೊಂಡು ರೈಲು ನಿಲ್ದಾಣಕ್ಕೆ ಬಿಟ್ಟು ಬಂದರು ಎಂದು ಇಲ್ಲಿ ಹಿರಿಯರು ಇಂದಿಗೂ ಹೇಳುತ್ತಾರೆ.

ಇನ್ನು ಒಳಗೆ ಹೋಗೋಣ. ನನ್ನನ್ನು ಕೇಳಿದರೆ ಇಡೀ ಭೇಟಿಯ ಜೀವ ಇರುವುದು ದರ್ಬಾರ್ ಹಾಲ್‌ನಲ್ಲಿ. 2024ರ ಜುಲೈನಿಂದ ಅದರ ಹೆಸರು ಗಣತಂತ್ರ ಮಂಟಪ. ದೊಡ್ಡ ಗುಮ್ಮಟದ ಕೆಳಗಿನ ದುಂಡನೆಯ ಸಭಾಂಗಣ ಅದು. ಸುತ್ತ ಜೈಸಲ್ಮೇರಿನ ಹಳದಿ ಅಮೃತಶಿಲೆಯ ಕಂಬಗಳು. ನಡುವೆ ಸುಮಾರು ಎರಡು ಟನ್ ತೂಕದ ತೂಗುದೀಪ. ಹಿಂದೆ ಇಲ್ಲಿ ವೈಸರಾಯ್‌ಗೆ, ಅವನ ಹೆಂಡತಿಗೆ ಎಂದು ಎರಡು ಸಿಂಹಾಸನಗಳಿದ್ದವು. ಈಗ ರಾಷ್ಟ್ರಪತಿಗಳ ಒಂದೇ ಕುರ್ಚಿ. ಅದರ ಹಿಂದೆ ಗುಪ್ತರ ಕಾಲದ, ಐದನೇ ಶತಮಾನದ ಬುದ್ಧನ ವಿಗ್ರಹ ನಿಂತಿದೆ. ಆ ಕುರ್ಚಿಯ ಹತ್ತಿರದಿಂದ ಬಾಗಿಲಿನ ಕಡೆ ತಿರುಗಿ ನೋಡಿದರೆ ಜೈಪುರ ಸ್ತಂಭ, ಕರ್ತವ್ಯ ಪಥ, ಇಂಡಿಯಾ ಗೇಟ್ ಎಲ್ಲ ಒಂದೇ ನೇರಕ್ಕೆ ಬರುತ್ತವೆ.

1947ರ ಆಗಸ್ಟ್ 15ರ ಬೆಳಿಗ್ಗೆ ಸ್ವತಂತ್ರ ಭಾರತದ ಮೊದಲ ಸರ್ಕಾರ ಪ್ರಮಾಣವಚನ ಸ್ವೀಕರಿಸಿದ್ದು ಇಲ್ಲೇ. 1950ರ ಜನವರಿ 26ರಂದು ಬಾಬು ರಾಜೇಂದ್ರ ಪ್ರಸಾದರು ಮೊದಲ ರಾಷ್ಟ್ರಪತಿಯಾಗಿ ಪ್ರಮಾಣ ಮಾಡಿದ್ದೂ ಇಲ್ಲೇ. ಪದ್ಮ ಪ್ರಶಸ್ತಿ ಕೊಡುವುದೂ ಈ ಸಭಾಂಗಣದಲ್ಲೇ. 2021ರ ನವೆಂಬರ್‌ನಲ್ಲಿ ಟಿವಿಯಲ್ಲಿ ನೀವೂ ನೋಡಿರುತ್ತೀರಿ, ಅಲ್ವಾ? ಅಂಕೋಲಾ ಕಡೆಯ ಹಾಲಕ್ಕಿ ತಾಯಿ ತುಳಸಿ ಗೌಡ ತಮ್ಮ ಎಂದಿನ ಉಡುಗೆಯಲ್ಲಿ, ಕೊರಳ ತುಂಬ ಮಣಿಸರ ಹಾಕಿಕೊಂಡು, ಬರಿಗಾಲಲ್ಲಿ ನಡೆದುಬಂದು ಪದ್ಮಶ್ರೀ ತೆಗೆದುಕೊಂಡರು. ಕಿತ್ತಳೆ ಮಾರಿ ಊರಿಗೆ ಶಾಲೆ ಮಾಡಿಸಿದ ಹರೇಕಳ ಹಾಜಬ್ಬನವರೂ ಅದೇ ನೆಲದ ಮೇಲೆ ಬರಿಗಾಲಲ್ಲೇ ನಡೆದರು. ವೈಸರಾಯ್ ಸಿಂಹಾಸನದ ಮುಂದೆ ಜನ ಬಾಗಿ ನಿಲ್ಲಬೇಕೆಂದು ಕಟ್ಟಿಸಿದ ಜಾಗ ಅದು. ಅಲ್ಲಿ ನಮ್ಮೂರಿನ ಇಬ್ಬರು ಬರಿಗಾಲಲ್ಲಿ ನಡೆದುಬಂದರು, ದೇಶದ ಪ್ರಥಮ ಪ್ರಜೆ ಅವರಿಗೆ ಕೈಮುಗಿದರು. ಕಲ್ಲು ಅದೇ, ತೂಗುದೀಪ ಅದೇ. ಬದಲಾದದ್ದು ಯಾರು ಯಾಕೆ ಬರುತ್ತಾರೆ ಅನ್ನೋದು. ಅಷ್ಟು ದೂರ ಹೋಗಿ ನೋಡುವಂಥದ್ದು ಏನಿದೆ ಎಂದು ಕೇಳಿದಿರಲ್ಲ, ಇದು ಇದೆ. ದೀಪ, ಕಂಬ ಎಲ್ಲ ಆಮೇಲಿನ ಮಾತು.

ಈ ಬದಲಾವಣೆ ಮನೆಯ ಬೇರೆ ಭಾಗದಲ್ಲೂ ಕಾಣುತ್ತದೆ. 1948ರ ಜೂನ್‌ನಲ್ಲಿ ಗವರ್ನರ್ ಜನರಲ್ ಆಗಿ ಬಂದ ಸಿ. ರಾಜಗೋಪಾಲಾಚಾರಿ ಅವರು ವೈಸರಾಯ್ ಮಲಗುತ್ತಿದ್ದ ದೊಡ್ಡ ಕೋಣೆಗಳು ತಮಗೆ ಬೇಡ ಎಂದರು. ಒಂದು ಪಕ್ಕದ ಸಾದಾ ಕೋಣೆಗಳನ್ನು ಆರಿಸಿಕೊಂಡರು. ಆಮೇಲಿನ ರಾಷ್ಟ್ರಪತಿಗಳೂ ಅದೇ ಭಾಗದಲ್ಲೇ ಉಳಿದರು. ವೈಸರಾಯ್ ಕೋಣೆಗಳು ಬೇರೆ ದೇಶದ ಅತಿಥಿಗಳಿಗೆ ಮೀಸಲಾದವು. ವಾಸದ ಭಾಗವನ್ನು ಯಾರಿಗೂ ತೋರಿಸುವುದಿಲ್ಲ, ಅದು ಸರಿ ಕೂಡ.

ಅಶೋಕ ಹಾಲ್ ಈಗ ಅಶೋಕ ಮಂಟಪ. ಹಿಂದೆ ಅದು ಬ್ರಿಟಿಷರು ಕುಣಿಯುತ್ತಿದ್ದ ಕೋಣೆ. ಅಲ್ಲಿ ಕತ್ತು ಎತ್ತಿ ಛಾವಣಿ ನೋಡಿ. ಇರಾನಿನ ದೊರೆ ಫತೇ ಅಲಿ ಶಾ ತನ್ನ ಮಕ್ಕಳ ಜೊತೆ ಬೇಟೆಯಾಡುವ ದೊಡ್ಡ ಚಿತ್ರವಿದೆ, ಚರ್ಮದ ಮೇಲೆ ಬರೆದದ್ದು. ಔತಣದ ಹಾಲ್‌ನಲ್ಲಿ 104 ಜನ ಒಂದೇ ಉದ್ದನೆಯ ಮೇಜಿನ ಸುತ್ತ ಕೂತು ಊಟ ಮಾಡಬಹುದು. ಅಲ್ಲಿ ಗೋಡೆಯ ಮೇಲೆ ಹಿಂದಿನ ರಾಷ್ಟ್ರಪತಿಗಳ ಚಿತ್ರಗಳಿವೆ. ಆ ಚಿತ್ರಗಳ ಮೇಲ್ಭಾಗದಲ್ಲಿ ಬಣ್ಣದ ಸಣ್ಣ ದೀಪಗಳು ಇರುತ್ತವೆ, ಗಮನಿಸಿ. ಬಡಿಸುವವರಿಗೆ ಅದೇ ಸನ್ನೆ. ಒಂದು ಬಣ್ಣ ಹತ್ತಿದರೆ ಬಡಿಸಬೇಕು, ಇನ್ನೊಂದು ಹತ್ತಿದರೆ ತಟ್ಟೆ ತೆಗೆಯಬೇಕು. ಯಾರೂ ಯಾರನ್ನೂ ಕೂಗುವ ಹಾಗಿಲ್ಲ. ಮಗಳಿಗೆ ಇದು ತುಂಬಾ ಹಿಡಿಸುತ್ತದೆ.

ಅಪ್ಪನಿಗೆ ಹೇಳಲು ಇನ್ನೊಂದು ಮಾತು. 1996ರ ಜೂನ್ 1ರಂದು ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದು ಈ ಮನೆಯಲ್ಲೇ. 1977ರಲ್ಲಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡ ಮೇಲೆ ಐದು ತಿಂಗಳು ಹಂಗಾಮಿ ರಾಷ್ಟ್ರಪತಿ ಆಗಿದ್ದವರು ಬಿ.ಡಿ. ಜತ್ತಿ, ನಮ್ಮ ಹಳೇ ಮೈಸೂರು ರಾಜ್ಯದ ಮುಖ್ಯಮಂತ್ರಿ ಆಗಿದ್ದವರು. ತುರ್ತುಪರಿಸ್ಥಿತಿಯ ನಂತರ ಮೊರಾರ್ಜಿ ದೇಸಾಯಿ ಅವರಿಗೆ ಪ್ರಮಾಣವಚನ ಬೋಧಿಸಿದವರು ಅವರೇ.

ಒಳಗಿನ ವಿವರಣೆ ಹಿಂದಿ, ಇಂಗ್ಲಿಷ್‌ನಲ್ಲಿ ಇರುತ್ತದೆ. ಅದಕ್ಕೇ ಇಷ್ಟು ಉದ್ದ ಬರೆದೆ. ಹೊರಡುವ ಮುಂಚೆ ಮನೆಯಲ್ಲಿ ಎಲ್ಲರೂ ಒಮ್ಮೆ ಓದಿಕೊಂಡರೆ ಅಲ್ಲಿ ನಿಂತು ಸುಮ್ನೆ ನೋಡುವುದಷ್ಟೇ ಕೆಲಸ.

ಈಗ ಓಡಾಟದ ವಿಷಯ. ನೋಡುವುದಕ್ಕೆ ಮೂರು ಭಾಗ ಮಾಡಿದ್ದಾರೆ: ಮುಖ್ಯ ಕಟ್ಟಡ, ವಸ್ತುಸಂಗ್ರಹಾಲಯ, ಉದ್ಯಾನ. ಒಂದೊಂದಕ್ಕೂ ಬೇರೆ ಬೇರೆ ಬುಕಿಂಗ್. ವಿಸಿಟ್ ಡಾಟ್ ರಾಷ್ಟ್ರಪತಿಭವನ್ ಡಾಟ್ ಗವ್ ಡಾಟ್ ಇನ್ ಎಂಬ ಸರ್ಕಾರಿ ವೆಬ್‌ಸೈಟಿನಲ್ಲಿ ಮಾತ್ರ ಮಾಡಿ. ಮಧ್ಯದಲ್ಲಿ ಯಾರಾದರೂ ‘ನಾವು ಮಾಡಿಸಿಕೊಡುತ್ತೇವೆ’ ಎಂದು ಹೆಚ್ಚು ದುಡ್ಡು ಕೇಳಿದರೆ ಕೊಡಬೇಡಿ, ಅದರ ಅಗತ್ಯವೇ ಇಲ್ಲ. ಫೆಬ್ರುವರಿಯಲ್ಲಿ ಜನ ಜಾಸ್ತಿ, ಸ್ಲಾಟ್ ಬೇಗ ತುಂಬುತ್ತದೆ. ರೈಲಿನ ಟಿಕೆಟ್ ಖಚಿತವಾದ ದಿನವೇ ಇದನ್ನೂ ನೋಡಿಬಿಡಿ. ಬುಕಿಂಗ್‌ನಲ್ಲಿ ಯಾವ ಗುರುತಿನ ಚೀಟಿ ಕೊಟ್ಟಿರುತ್ತೀರೋ ಅದರ ಅಸಲು ಪ್ರತಿಯನ್ನೇ ಎಲ್ಲರೂ ಜೇಬಿನಲ್ಲಿ ಇಟ್ಟುಕೊಂಡಿರಿ. ಜೆರಾಕ್ಸ್ ನಂಬಿಕೊಂಡು ಹೋಗಬೇಡಿ. ಸೋಮವಾರ ರಜೆ. ಯಾವ ಗೇಟಿನಿಂದ ಪ್ರವೇಶ ಎಂಬುದು ನಿಮಗೆ ಬರುವ ಸಂದೇಶದಲ್ಲೇ ಇರುತ್ತದೆ. ಆಟೋದವರಿಗೆ ‘ರಾಷ್ಟ್ರಪತಿ ಭವನ’ ಎಂದಷ್ಟೇ ಹೇಳಿದರೆ ಸಾಲದು, ಗೇಟಿನ ನಂಬರ್ ಹೇಳಿ. ಆ ಆವರಣ ಎಷ್ಟು ದೊಡ್ಡದು ಎಂದರೆ ತಪ್ಪು ಗೇಟಿಗೆ ಹೋದರೆ ಸ್ಲಾಟಿನ ಸಮಯವೇ ಮುಗಿದುಹೋಗಬಹುದು. ಹತ್ತಿರದ ಮೆಟ್ರೋ ಕೇಂದ್ರ ಸಚಿವಾಲಯ ನಿಲ್ದಾಣ.

ಮುಖ್ಯ ಕಟ್ಟಡದ ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ಬ್ಯಾಗು, ಕ್ಯಾಮೆರಾ ಎಲ್ಲ ಹೋಟೆಲಿನಲ್ಲೇ ಬಿಟ್ಟು ಹೋದರೆ ತಪಾಸಣೆ ಬೇಗ ಮುಗಿಯುತ್ತದೆ.

ಅಮ್ಮನ ಮಂಡಿನೋವಿಗೆ ನನ್ನ ಸಲಹೆ ಇದು. ಮೂರೂ ಭಾಗವನ್ನು ಒಂದೇ ದಿನ ನೋಡುವ ಆಸೆ ಬೇಡ. ಮೊದಲ ದಿನ ಬೆಳಿಗ್ಗೆ ಮುಖ್ಯ ಕಟ್ಟಡ ಮಾತ್ರ. ಗುಂಪಿನ ಜೊತೆ ನಡೆಯಬೇಕಾದ್ದರಿಂದ ಮಧ್ಯೆ ಕೂತು ಸುಧಾರಿಸಿಕೊಳ್ಳುವುದು ಕಷ್ಟ. ವೀಲ್‌ಚೇರ್ ಬೇಕಾಗಬಹುದು ಎಂದು ಮೊದಲೇ ವಿಚಾರಿಸಿ, ಸ್ವಾಗತದ ಕೌಂಟರಿನಲ್ಲೂ ಹೇಳಿ. ಸಂಕೋಚ ಬೇಡ. ಉಳಿದ ಎರಡರಲ್ಲಿ ಒಂದನ್ನು ಬಿಡಲೇಬೇಕು ಅಂತಾದರೆ ವಸ್ತುಸಂಗ್ರಹಾಲಯ ಬಿಡಿ. ಹಳೇ ಕುದುರೆಲಾಯ, ಗ್ಯಾರೇಜುಗಳನ್ನು ಸರಿಮಾಡಿ 2014 ಮತ್ತು 2016ರಲ್ಲಿ ಎರಡು ಹಂತದಲ್ಲಿ ತೆರೆದದ್ದು ಅದು. ರಾಷ್ಟ್ರಪತಿಗಳಿಗೆ ಬಂದ ಉಡುಗೊರೆಗಳು, 1911ರ ದರ್ಬಾರಿನಲ್ಲಿ ಐದನೇ ಜಾರ್ಜ್ ಕೂತ 640 ಕೆ.ಜಿ. ತೂಕದ ಬೆಳ್ಳಿ ಕುರ್ಚಿ ಎಲ್ಲ ಇವೆ. ಚೆನ್ನಾಗಿಯೇ ಇದೆ. ಆದರೆ ಚಿನ್ನದ ಅಂಬಾರಿ ನೋಡಿದ ಕಣ್ಣಿಗೆ ಬೆಳ್ಳಿ ಕುರ್ಚಿ ಅಷ್ಟೇನೂ ದೊಡ್ಡದು ಅನ್ನಿಸಲಿಕ್ಕಿಲ್ಲ.

ಉದ್ಯಾನ ಮಾತ್ರ ಬಿಡಬೇಡಿ, ಯಾಕೆಂದರೆ ನೀವು ಹೋಗುವುದೇ ಅದರ ಕಾಲಕ್ಕೆ. ಮೊದಲು ಮೊಘಲ್ ಗಾರ್ಡನ್ಸ್ ಅನ್ನುತ್ತಿದ್ದರು, 2023ರಿಂದ ಅಮೃತ ಉದ್ಯಾನ. ಫೆಬ್ರುವರಿ, ಮಾರ್ಚ್‌ನಲ್ಲಿ ಜನರಿಗೆ ತೆರೆಯುತ್ತಾರೆ, ಪ್ರವೇಶ ಉಚಿತ. ಸುಮಾರು 15 ಎಕರೆ. ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು ನೀರಿನ ಕಾಲುವೆ, ಅವು ಸೇರುವ ಕಡೆ ಕಮಲದ ಆಕಾರದ ಕಾರಂಜಿ. ಗುಲಾಬಿಯಲ್ಲೇ ನೂರಕ್ಕೂ ಹೆಚ್ಚು ಬಗೆ, ಜೊತೆಗೆ ಟ್ಯುಲಿಪ್. ನಿಮ್ಮ ಜಿಲ್ಲೆಯ ಬೃಂದಾವನದ ಹತ್ತಿರದ ನೆಂಟ ಇದು ಎನ್ನಬಹುದು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರು ಕಾಶ್ಮೀರದ ಶಾಲಿಮಾರ್ ಉದ್ಯಾನವನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಆರ್‌ಎಸ್ ಕೆಳಗೆ ತೋಟ ಮಾಡಿಸಲು ಹೊರಟದ್ದು 1927ರಲ್ಲಿ. ದೆಹಲಿಯಲ್ಲಿ ಗಿಡ ನೆಡುವ ಕೆಲಸ ನಡೆದದ್ದು 1928–29ರಲ್ಲಿ. ಎರಡಕ್ಕೂ ಮೂಲ ಮೊಘಲರ ತೋಟ, ಎರಡೂ ಒಂದೇ ಕಾಲದವು. ನಮ್ಮದರಲ್ಲಿ ಅಣೆಕಟ್ಟಿನ ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಅಲ್ಲಿ ನೀರು ಸಮತಟ್ಟಾಗಿ ನಿಂತಿರುತ್ತದೆ. ನೀರಿನ ಓಟದ ಚೆಲುವಿಗೆ ನನ್ನ ಮತ ಬೃಂದಾವನಕ್ಕೇ. ಹೂವಿನ ವಿಷಯದಲ್ಲಿ ದೆಹಲಿಯ ಚಳಿಗೆ ನಾವು ಸಾಟಿಯಾಗಲಾರೆವು. ಉದ್ಯಾನಕ್ಕೆ ಸಂಜೆಗಿಂತ ಬೆಳಗಿನ ಮೊದಲ ಸ್ಲಾಟ್ ಒಳ್ಳೆಯದು. ಇತ್ತೀಚಿನ ವರ್ಷಗಳಲ್ಲಿ ಕೇಂದ್ರ ಸಚಿವಾಲಯ ಮೆಟ್ರೋದಿಂದ ಉದ್ಯಾನದ ಗೇಟಿಗೆ ಬಸ್ ಬಿಡುತ್ತಿದ್ದಾರೆ, ಅಮ್ಮನಿಗೆ ಅನುಕೂಲ.

ಶನಿವಾರ ದೆಹಲಿಯಲ್ಲಿ ಇರುವಿರಾದರೆ ಅಂಗಳದಲ್ಲಿ ನಡೆಯುವ ಕಾವಲು ಬದಲಾವಣೆಯನ್ನೂ ಬುಕ್ ಮಾಡಿ. 1773ರಲ್ಲಿ ಶುರುವಾದ ರಾಷ್ಟ್ರಪತಿ ಅಂಗರಕ್ಷಕ ದಳದ ಕುದುರೆಗಳು ಬರುತ್ತವೆ. ಕೂತು ನೋಡುವ ಕಾರ್ಯಕ್ರಮ, ಹಾಗಾಗಿ ಮಂಡಿಗೆ ತೊಂದರೆ ಇಲ್ಲ. ಸಮಯ ಚಳಿಗಾಲ, ಬೇಸಿಗೆಗೆ ತಕ್ಕಂತೆ ಬದಲಾಗುತ್ತದೆ, ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.

ಒಂದು ವೇಳೆ ಮುಖ್ಯ ಕಟ್ಟಡದ ಸ್ಲಾಟ್ ಸಿಗಲೇ ಇಲ್ಲ ಅಂದುಕೊಳ್ಳಿ. ಅಥವಾ ಅಮ್ಮನಿಗೆ ದೆಹಲಿಯ ಪ್ರಯಾಣವೇ ಆಗುವುದಿಲ್ಲ ಅನ್ನಿ. ಆಗ ಹೈದರಾಬಾದ್ ಇದೆ. ಸಿಕಂದರಾಬಾದ್ ಹತ್ತಿರದ ಬೊಲಾರಮ್‌ನಲ್ಲಿ ರಾಷ್ಟ್ರಪತಿ ನಿಲಯಂ ಎಂಬ ಮನೆಯಿದೆ, ರಾಷ್ಟ್ರಪತಿಗಳು ದಕ್ಷಿಣಕ್ಕೆ ಬಂದಾಗ ತಂಗುವ ಜಾಗ. 1860ರಲ್ಲಿ ನಿಜಾಮರ ಕಾಲದಲ್ಲಿ ಕಟ್ಟಿದ್ದು, ಸುಮಾರು 90 ಎಕರೆ ಆವರಣ. 2023ರ ಮಾರ್ಚ್‌ನಿಂದ ವರ್ಷವಿಡೀ ಜನರಿಗೆ ತೆರೆದಿದ್ದಾರೆ. ಬರೀ ನೆಲಮಹಡಿಯ ಕಟ್ಟಡ, ಮೆಟ್ಟಿಲಿನ ಕಾಟ ಕಡಿಮೆ. ಅಡುಗೆಮನೆಯಿಂದ ಊಟದ ಕೋಣೆಗೆ ಹೋಗುವ ಸುರಂಗವೊಂದಿದೆ, ಅದರ ಗೋಡೆಗಳ ಮೇಲೆ ತೆಲಂಗಾಣದ ಚೆರಿಯಾಲ್ ಚಿತ್ರಗಳನ್ನು ಬರೆಸಿದ್ದಾರೆ. ಅದರ ಬುಕಿಂಗೂ ಅದೇ ವೆಬ್‌ಸೈಟಿನಲ್ಲಿ ಆಗುತ್ತದೆ. ಅಲ್ಲೂ ಸೋಮವಾರ ರಜೆ. ರಾಷ್ಟ್ರಪತಿಗಳು ಬಂದು ತಂಗಿರುವ ದಿನಗಳಲ್ಲಿ ಪ್ರವೇಶ ಇರುವುದಿಲ್ಲ. ಆ ವಾಸ್ತವ್ಯ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ಇರುವುದರಿಂದ ಫೆಬ್ರುವರಿಯ ನಿಮ್ಮ ಪ್ರವಾಸಕ್ಕೆ ಅಡ್ಡಿಯಾಗಲಿಕ್ಕಿಲ್ಲ.